ಮನೆಯ ಕಂಪ್ಯೂಟರಿನಲ್ಲಿ ಎರಡು ಪೈಥಾನ್: ಗೊಂದಲ ಮತ್ತು ಪರಿಹಾರ

ಲ್ಯಾಬಿನಲ್ಲಿ ಓಡಿದ ಪ್ರೋಗ್ರಾಂ ಮನೆಯಲ್ಲಿ ಏಕೆ ಓಡುವುದಿಲ್ಲ? ಗಣಕ ವಿಜ್ಞಾನದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆ ಇದು. ಅನೇಕ ಸಲ ತಪ್ಪು ಪ್ರೋಗ್ರಾಂನಲ್ಲಿ ಇರುವುದಿಲ್ಲ. ಭಾಷೆಯನ್ನು ಇನ್‌ಸ್ಟಾಲ್ ಮಾಡಿದ ರೀತಿಯಲ್ಲಿ ಇರುತ್ತದೆ.

ಆವೃತ್ತಿಯ ವ್ಯತ್ಯಾಸ: ಪೈಥಾನ್ 3 ಬಂದದ್ದು 2008ರಲ್ಲಿ. ಪೈಥಾನ್ 2ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ರಂದು. 5/2 ಎಂದು ಕೊಟ್ಟರೆ ಹಳೆಯದು 2 ಎನ್ನುತ್ತದೆ, ಹೊಸದು 2.5 ಎನ್ನುತ್ತದೆ. ವಿಂಡೋಸ್ 7 ಇರುವ ಕಂಪ್ಯೂಟರಿಗೆ ಪೈಥಾನ್ 3.8ರ ವರೆಗೆ ಮಾತ್ರ ಬೆಂಬಲವಿದೆ. ಸಿ++ನಲ್ಲೂ ಇದೇ ಕಥೆ. ಟರ್ಬೊ ಸಿ++ 16-ಬಿಟ್ ತಂತ್ರಾಂಶ. 64-ಬಿಟ್ ವಿಂಡೋಸ್‌ನಲ್ಲಿ ಅದನ್ನು ಓಡಿಸಲು ಡಾಸ್‌ಬಾಕ್ಸ್‌ನಂಥ ತಂತ್ರಾಂಶ ಬೇಕು. ಅದರಲ್ಲಿ ಬರೆಯುವ ‘ಐಓಸ್ಟ್ರೀಮ್.ಎಚ್’ ಹೆಡರನ್ನು ಇಂದಿನ ಕಂಪೈಲರುಗಳು ಒಪ್ಪುವುದಿಲ್ಲ, ‘.ಎಚ್’ ಬಿಡಬೇಕು.

ಪಾತ್‌ನ ಗೊಂದಲ: ‘ಪೈಥಾನ್’ ಎಂದು ಟೈಪ್ ಮಾಡಿದಾಗ ವಿಂಡೋಸ್ ಅದನ್ನು ಹುಡುಕುವ ಫೋಲ್ಡರುಗಳ ಪಟ್ಟಿಗೆ ‘ಪಾತ್’ ಎಂದು ಹೆಸರು. ಓಣಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ, ಕೂಗಿದಾಗ ಮೊದಲ ಮನೆಯವನೇ ಓಗೊಡುತ್ತಾನಲ್ಲವೇ? ಇಲ್ಲಿಯೂ ಹಾಗೆಯೇ. ಪಟ್ಟಿಯಲ್ಲಿ ಮೊದಲು ಸಿಕ್ಕ ಪೈಥಾನ್ ಓಡುತ್ತದೆ. ಪಟ್ಟಿಯಲ್ಲಿ ಇಲ್ಲದಿದ್ದರೆ, ಇನ್‌ಸ್ಟಾಲ್ ಆಗಿದ್ದರೂ ಸಿಗುವುದಿಲ್ಲ.

ಪ್ಯಾಕೇಜಿನ ಗೊಂದಲ: ‘ಪಿಪ್’ ಮೂಲಕ ಹಾಕಿದ ಪಾಂಡಾಸ್ ಒಂದು ಪೈಥಾನ್‌ಗೆ ಸೇರಿ, ಪ್ರೋಗ್ರಾಂ ಇನ್ನೊಂದರಲ್ಲಿ ಓಡಿದರೆ ‘ಮಾಡ್ಯೂಲ್ ಇಲ್ಲ’ ಎಂಬ ದೋಷ ಬರುತ್ತದೆ.

ಏನು ಮಾಡಬೇಕು? (ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿರಿ.)

1. ಲ್ಯಾಬಿನ ಆವೃತ್ತಿಯನ್ನು ಉಪನ್ಯಾಸಕರಲ್ಲಿ ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿರಿ. ಮನೆಯಲ್ಲೂ ಅದನ್ನೇ ಹಾಕಿರಿ.

2. ಇನ್‌ಸ್ಟಾಲ್ ಮಾಡುವಾಗ ಮೊದಲ ಪರದೆಯಲ್ಲೇ, ಪಾತ್‌ಗೆ ಸೇರಿಸುವ ಚೌಕಕ್ಕೆ ಟಿಕ್ ಹಾಕಿರಿ.

3. ಕಮಾಂಡ್ ಪ್ರಾಂಪ್ಟಿನಲ್ಲಿ ‘ವೇರ್ ಪೈಥಾನ್’ ಎಂದು ಕೊಟ್ಟರೆ ಪಾತ್‌ನಲ್ಲಿ ಎಷ್ಟು ಪೈಥಾನ್ ಇವೆ, ಯಾವುದು ಮೊದಲು ಎಂಬುದು ತಿಳಿಯುತ್ತದೆ.

4. ಬರೀ ‘ಪಿಪ್’ ಬದಲು ‘ಪೈಥಾನ್ -ಎಂ ಪಿಪ್’ ಎಂದು ಬಳಸಿರಿ. ಆಗ ಪ್ಯಾಕೇಜು ನೀವು ಓಡಿಸುವ ಪೈಥಾನ್‌ಗೇ ಸೇರುತ್ತದೆ.

5. ಅಣ್ಣನೋ ಅಕ್ಕನೋ ಬಳಸುವ ಕಂಪ್ಯೂಟರಾಗಿದ್ದರೆ ಅವರನ್ನು ಕೇಳದೆ ಹಳೆಯ ಆವೃತ್ತಿಯನ್ನು ತೆಗೆಯಬೇಡಿರಿ. ಅವರ ಪ್ರಾಜೆಕ್ಟ್ ನಿಂತುಹೋಗಬಹುದು. ‘ವೆನ್ವ್’ ಬಳಸಿದರೆ ನಿಮ್ಮ ಪ್ಯಾಕೇಜುಗಳು ಬೇರೆ ಫೋಲ್ಡರಿನಲ್ಲಿ ಉಳಿಯುತ್ತವೆ.

ಪ್ರಾಯೋಗಿಕ ಪರೀಕ್ಷೆಗೆ 30 ಅಂಕಗಳಿವೆ. ಪರೀಕ್ಷೆ ನಡೆಯುವುದು ಲ್ಯಾಬಿನ ಯಂತ್ರದಲ್ಲಿ. ಅದೇ ಆವೃತ್ತಿಯಲ್ಲಿ ಮನೆಯಲ್ಲೂ ಅಭ್ಯಾಸ ಮಾಡಿದವರಿಗೆ ಅಂದು ಗಾಬರಿ ಇರುವುದಿಲ್ಲ.