ನದಿಯ ಮೂರು ಅಂಕಿಗಳು: ಸಾಲ್ಮನ್ ಮತ್ತು ಸ್ಟೀಲ್‌ಹೆಡ್ ವಲಸೆಯ ಮೂಲಕ ಒಂದು ವಿಜ್ಞಾನ ಪಾಠ

ತರಗತಿ: 9ನೇ ತರಗತಿ
ವಿಷಯ: ವಿಜ್ಞಾನ
ಘಟಕ: ದ್ರಾವಣಗಳು – ನೀರಿನಲ್ಲಿ ಅನಿಲಗಳ ವಿಲೀನತೆ
ಅವಧಿ: 45 ನಿಮಿಷ

ಪಾಠದ ಹಿನ್ನೆಲೆ

'ಉಷ್ಣತೆ ಹೆಚ್ಚಿದಂತೆ ನೀರಿನಲ್ಲಿ ಅನಿಲದ ವಿಲೀನತೆ ಕಡಿಮೆಯಾಗುತ್ತದೆ' ಎಂಬ ವಾಕ್ಯವನ್ನು ವಿದ್ಯಾರ್ಥಿಗಳು ಬೇಗ ಬಾಯಿಪಾಠ ಮಾಡುತ್ತಾರೆ. ಒಂದು ಜೀವಿಯ ಬದುಕೇ ಆ ವಾಕ್ಯದ ಮೇಲೆ ನಿಂತಿರಬಹುದು ಎಂಬುದು ಮಾತ್ರ ಅವರಿಗೆ ಹೊಳೆಯುವುದಿಲ್ಲ. ಅದನ್ನು ತೋರಿಸಲು ಅಮೆರಿಕದ ವಾಯವ್ಯ ಭಾಗದ ಕೊಲಂಬಿಯಾ ನದಿಯನ್ನೂ ಅದರ ಉಪನದಿಗಳನ್ನೂ ಆರಿಸಿಕೊಂಡಿದ್ದೇನೆ. ಅಲ್ಲಿ ನೀರಿನ ಉಷ್ಣತೆ ಮತ್ತು ಹರಿವನ್ನು ಪ್ರತಿದಿನ ಅಳೆದು ಪ್ರಕಟಿಸುತ್ತಾರೆ. 1938ರಿಂದ ಬಾನೆವಿಲ್ ಅಣೆಕಟ್ಟಿನ ಮೆಟ್ಟಿಲುಗಾಲುವೆಯನ್ನು ಹತ್ತಿ ಹೋಗುವ ಮೀನುಗಳನ್ನೂ ಎಣಿಸುತ್ತಿದ್ದಾರೆ. ಹೀಗಾಗಿ ಅಂಕಿಗಳನ್ನು ಓದಿ ತೀರ್ಮಾನಕ್ಕೆ ಬರುವ ಅಭ್ಯಾಸಕ್ಕೆ ಇದು ಒಳ್ಳೆಯ ಉದಾಹರಣೆ.

ಕಲಿಕಾ ಫಲಗಳು

ವಿದ್ಯಾರ್ಥಿಗಳು,
1. ಉಷ್ಣತೆಗೂ ವಿಲೀನ ಆಮ್ಲಜನಕಕ್ಕೂ ಇರುವ ಸಂಬಂಧವನ್ನು ನಕ್ಷೆಯಲ್ಲಿ ತೋರಿಸುತ್ತಾರೆ.
2. ಹರಿವಿನ ಪ್ರಮಾಣವನ್ನು ಲೆಕ್ಕ ಹಾಕುತ್ತಾರೆ.
3. ಉಷ್ಣತೆ, ಹರಿವು, ತಿಳಿತನ ಈ ಮೂರನ್ನೂ ಒಟ್ಟಿಗೆ ಓದಿ, ಮೀನು ಹಿಡಿಯಲು ತಕ್ಕ ದಿನ ಯಾವುದು ಎಂಬುದಕ್ಕೆ ಕಾರಣ ಕೊಡುತ್ತಾರೆ.

ಸಾಮಗ್ರಿ: ಬೀಕರ್, ಸ್ಪಿರಿಟ್ ದೀಪ, ಉಷ್ಣತಾಮಾಪಕ, ತಿಳಿನೀರು ಮತ್ತು ಕೆಮ್ಮಣ್ಣು ಕದಡಿದ ನೀರಿನ ಎರಡು ಗಾಜಿನ ಲೋಟ, ನಕ್ಷೆ ಕಾಗದ.

ಪ್ರೇರಣೆ (5 ನಿಮಿಷ)

ಬೀಕರಿನಲ್ಲಿ ತಣ್ಣೀರನ್ನು ನಿಧಾನವಾಗಿ ಕಾಯಿಸಬೇಕು. ಕುದಿಯುವುದಕ್ಕೆ ಬಹಳ ಮೊದಲೇ ಗಾಜಿನ ಒಳಗೋಡೆಯಲ್ಲಿ ಸಣ್ಣ ಗುಳ್ಳೆಗಳು ಮೂಡುತ್ತವೆ. 'ಈ ಗುಳ್ಳೆಗಳು ಎಲ್ಲಿಂದ ಬಂದವು?' ಎಂದು ಕೇಳಬೇಕು. ಇದು ಹಬೆಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ ಹೊರಬರುತ್ತಿದೆ ಎಂಬ ಉತ್ತರದತ್ತ ತರಗತಿಯನ್ನು ಒಯ್ಯಬೇಕು. ನಂತರ ಮುಂದಿನ ಪ್ರಶ್ನೆ: 'ಈ ನೀರಿನಲ್ಲಿ ಮೀನು ಇದ್ದಿದ್ದರೆ?'

ವಿಷಯ ಮಂಡನೆ

ಹಂತ 1: ಮೀನುಗಳ ಪರಿಚಯ. ಚಿನೂಕ್ ಸಾಲ್ಮನ್ ಸಿಹಿನೀರಿನಲ್ಲಿ ಹುಟ್ಟಿ, ಪೆಸಿಫಿಕ್ ಸಾಗರದಲ್ಲಿ ಬೆಳೆದು, ಮೊಟ್ಟೆಯಿಡಲು ಮತ್ತೆ ನದಿಗೆ ಬರುತ್ತದೆ. ಮೊಟ್ಟೆಯಿಟ್ಟ ಮೇಲೆ ಸಾಯುತ್ತದೆ. ಸ್ಟೀಲ್‌ಹೆಡ್ ಎಂಬುದು ಬೇರೆ ಪ್ರಭೇದವಲ್ಲ, ಸಮುದ್ರಕ್ಕೆ ಹೋಗಿ ಬರುವ ರೇನ್‌ಬೋ ಟ್ರೌಟ್. ನೀಲಗಿರಿಯ ತಂಪು ತೊರೆಗಳಿಗೆ ತಂದು ಬಿಟ್ಟಿರುವುದೂ ಇದೇ ಪ್ರಭೇದ. ಸ್ಟೀಲ್‌ಹೆಡ್‌ಗಳಲ್ಲಿ ಕೆಲವು ಮೊಟ್ಟೆಯಿಟ್ಟ ನಂತರ ಬದುಕಿ ಸಮುದ್ರಕ್ಕೆ ಮರಳುತ್ತವೆ. ವಸಂತದಲ್ಲಿ ನದಿಗೆ ಬರುವ ಚಿನೂಕ್ ಏನನ್ನೂ ತಿನ್ನದೆ, ದೇಹದ ಕೊಬ್ಬಿನ ಮೇಲೆಯೇ ಬೇಸಿಗೆಯನ್ನು ತಂಪಾದ ಮಡುಗಳಲ್ಲಿ ಕಳೆದು, ಬೇಸಿಗೆಯ ಕೊನೆಗೆ ಮೊಟ್ಟೆಯಿಡುತ್ತದೆ. ವಸಂತದ ನೀರಿನ ಜೊತೆಗೆ ಬೇಸಿಗೆಯ ನೀರೂ ಅದಕ್ಕೆ ಮುಖ್ಯವಾಗುವುದು ಈ ಕಾರಣಕ್ಕೆ.

ಹಂತ 2: ಮೊದಲ ಅಂಕಿ, ಹರಿವು. ವಸಂತದಲ್ಲಿ ಬೆಟ್ಟಗಳ ಹಿಮ ಕರಗಿ ನದಿ ಏರುತ್ತದೆ. ಅಲ್ಲಿಯ ಗಾಳಗಾರರು ಮುಂಜಾನೆ ನೋಡುವ ಅಂಕಿ ಕ್ಯುಸೆಕ್‌ನಲ್ಲಿರುತ್ತದೆ. ನಮ್ಮ ಪತ್ರಿಕೆಗಳಲ್ಲಿ ಕೆಆರ್‌ಎಸ್ ಜಲಾಶಯದ ಒಳಹರಿವು, ಹೊರಹರಿವು ಎಂದು ಓದುವುದೂ ಇದೇ ಮಾನ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್. ಲೆಕ್ಕ: ನದಿಯ ಅಗಲ 20 ಮೀಟರ್, ಸರಾಸರಿ ಆಳ 1 ಮೀಟರ್, ವೇಗ ಸೆಕೆಂಡಿಗೆ 1.5 ಮೀಟರ್ ಆದರೆ ಹರಿವು ಸೆಕೆಂಡಿಗೆ 30 ಘನ ಮೀಟರ್, ಅಂದರೆ ಸುಮಾರು 1,060 ಕ್ಯುಸೆಕ್. ಹರಿವು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಅಂಕಿಯಷ್ಟೇ ಮುಖ್ಯ. ಮಳೆಯ ನಂತರ ನೀರು ಇಳಿಯತೊಡಗಿದಾಗ ಮೀನು ಹಿಡಿಯಲು ಅನುಕೂಲ ಎಂಬುದು ಅನುಭವಿಗಳ ಮಾತು.

ಹಂತ 3: ಎರಡನೆಯ ಅಂಕಿ, ತಿಳಿತನ. ಎರಡು ಲೋಟಗಳನ್ನು ಪಕ್ಕಪಕ್ಕ ಇಟ್ಟು, ಹಿಂದೆ ಬಣ್ಣದ ದಾರ ಹಿಡಿಯಬೇಕು. ನಿಲಂಬಿತ ಕಣಗಳು ಬೆಳಕನ್ನು ಚದುರಿಸುವುದರಿಂದ ಕೆಮ್ಮಣ್ಣಿನ ನೀರಿನಲ್ಲಿ ದಾರ ಕಾಣುವುದಿಲ್ಲ. ತುಂಬಾ ಕದಡಿದ ನದಿಯಲ್ಲಿ ಮೀನಿಗೆ ಗಾಳ ಕಾಣದು. ತೀರಾ ತಿಳಿಯಾಗಿದ್ದರೆ ಮೀನಿಗೆ ಮನುಷ್ಯನೇ ಕಂಡು ಅದು ಬೆದರುತ್ತದೆ. ಆದ್ದರಿಂದ ನಡುವಿನ ಹಸಿರು ಛಾಯೆಯ ನೀರನ್ನು ಗಾಳಗಾರರು ಇಷ್ಟಪಡುತ್ತಾರೆ.

ಹಂತ 4: ಮೂರನೆಯ ಅಂಕಿ, ಉಷ್ಣತೆ. ಪಾಠದ ತಿರುಳು ಇಲ್ಲಿದೆ. ಸಮುದ್ರಮಟ್ಟದಲ್ಲಿ ಸಿಹಿನೀರು ಹಿಡಿದಿಡಬಲ್ಲ ಆಮ್ಲಜನಕವನ್ನು ಕಪ್ಪುಹಲಗೆಯ ಮೇಲೆ ಬರೆಯಬೇಕು:

0 ಡಿಗ್ರಿ ಸೆಲ್ಸಿಯಸ್ – ಲೀಟರಿಗೆ 14.6 ಮಿಲಿಗ್ರಾಂ
10 ಡಿಗ್ರಿ – 11.3 ಮಿಲಿಗ್ರಾಂ
20 ಡಿಗ್ರಿ – 9.1 ಮಿಲಿಗ್ರಾಂ
25 ಡಿಗ್ರಿ – 8.3 ಮಿಲಿಗ್ರಾಂ

ವಿದ್ಯಾರ್ಥಿಗಳು ನಕ್ಷೆ ಎಳೆದು 15 ಡಿಗ್ರಿಯಲ್ಲಿ ಎಷ್ಟಿರಬಹುದೆಂದು ಊಹಿಸಲಿ (ಸುಮಾರು 10.1). ಬಳಿಕ ಎರಡನೆಯ ಸಂಗತಿ ಹೇಳಬೇಕು: ಮೀನು ಶೀತರಕ್ತ ಪ್ರಾಣಿ. ನೀರು ಬಿಸಿಯಾದಂತೆ ಅದರ ದೇಹದ ಚಟುವಟಿಕೆ ಹೆಚ್ಚಿ, ಆಮ್ಲಜನಕದ ಅಗತ್ಯವೂ ಹೆಚ್ಚುತ್ತದೆ. ಪೂರೈಕೆ ಇಳಿಯುವಾಗಲೇ ಬೇಡಿಕೆ ಏರುತ್ತದೆ. ತೀರಾ ತಣ್ಣನೆಯ ನೀರಿನಲ್ಲಿ ಸ್ಟೀಲ್‌ಹೆಡ್ ಮಂದವಾಗಿರುತ್ತದೆ, ಸ್ವಲ್ಪ ಬೆಚ್ಚಗಾದರೆ ಚುರುಕಾಗುತ್ತದೆ, 20 ಡಿಗ್ರಿ ಮುಟ್ಟಿದರೆ ಒತ್ತಡಕ್ಕೆ ಸಿಲುಕುತ್ತದೆ.

ನೈಜ ಪ್ರಸಂಗ. 2015ರ ಚಳಿಗಾಲದಲ್ಲಿ ಅಲ್ಲಿಯ ಬೆಟ್ಟಗಳ ಮೇಲೆ ಹಿಮ ಕಡಿಮೆಯಿತ್ತು. ಬೇಸಿಗೆ ಬೇಗನೆ ಬಿಸಿಯಾಯಿತು. ಕೊಲಂಬಿಯಾ ನದಿಯ ನೀರು 20 ಡಿಗ್ರಿ ದಾಟಿತು. ಸಾಕ್‌ಐ ಎಂಬ ಸಾಲ್ಮನ್ ಮೀನುಗಳಲ್ಲಿ ಸುಮಾರು ಎರಡೂವರೆ ಲಕ್ಷ ಸತ್ತವೆಂದು ಅಂದಾಜಿಸಲಾಯಿತು. ಆ ಜುಲೈನಲ್ಲಿ ಆರೆಗನ್ ರಾಜ್ಯವು ಬಹುತೇಕ ನದಿಗಳಲ್ಲಿ ಮಧ್ಯಾಹ್ನ 2 ಗಂಟೆಯ ನಂತರ ಸಾಲ್ಮನ್, ಸ್ಟೀಲ್‌ಹೆಡ್, ಟ್ರೌಟ್ ಹಿಡಿಯುವುದನ್ನು ನಿಷೇಧಿಸಿತು. 'ಏಕೆ ಮಧ್ಯಾಹ್ನದ ನಂತರ?' ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳಿಗೇ ಬಿಡಬೇಕು. ನದಿಯ ನೀರು ಅತಿ ಹೆಚ್ಚು ಬಿಸಿಯಾಗುವುದು ಇಳಿಹೊತ್ತಿನಲ್ಲಿ.

ಬಿಟ್ಟುಬಿಡುವ ಮೀನು. ಮರಿ ಸಾಕಣೆ ಕೇಂದ್ರಗಳಲ್ಲಿ ಬೆಳೆಸಿದ ಮೀನಿನ ಬೆನ್ನಿನ ಹಿಂಭಾಗದ ಸಣ್ಣ ಕೊಬ್ಬಿನ ರೆಕ್ಕೆಯನ್ನು ಗುರುತಿಗಾಗಿ ಕತ್ತರಿಸಿರುತ್ತಾರೆ. ಅನೇಕ ನದಿಗಳಲ್ಲಿ ಆ ಗುರುತಿರುವ ಮೀನನ್ನಷ್ಟೇ ಮನೆಗೆ ಒಯ್ಯಬಹುದು. ರೆಕ್ಕೆ ಇರುವ ಕಾಡುಮೀನನ್ನು ನೀರಿಗೇ ಬಿಡಬೇಕು. ಆದರೆ ಗಾಳದೊಡನೆ ಹೋರಾಡಿ ದಣಿದ ಮೀನು ಬಿಸಿ ನೀರಿನಲ್ಲಿ ಚೇತರಿಸಿಕೊಳ್ಳುವುದು ಕಷ್ಟ. ಬಿಟ್ಟ ಮೀನೆಲ್ಲ ಉಳಿದ ಮೀನಲ್ಲ.

ಗುಂಪು ಚಟುವಟಿಕೆ (10 ನಿಮಿಷ)

ಇವು ಅಭ್ಯಾಸಕ್ಕಾಗಿ ಹೆಣೆದ ಅಂಕಿಗಳು:

ದಿನ ಅ: 4 ಡಿಗ್ರಿ, ಹರಿವು ಏರುತ್ತಿದೆ, ನೀರು ಕಂದು.
ದಿನ ಆ: 10 ಡಿಗ್ರಿ, ಹರಿವು ಇಳಿಯುತ್ತಿದೆ, ನೀರು ತಿಳಿಹಸಿರು.
ದಿನ ಇ: 21 ಡಿಗ್ರಿ, ಹರಿವು ಕಡಿಮೆ, ಮೀನುಗಳು ತಂಪು ಮಡುವೊಂದರಲ್ಲಿ ಗುಂಪಾಗಿ ಕಾಣುತ್ತಿವೆ.

ಪ್ರತಿ ಗುಂಪಿಗೂ ಎರಡು ಪ್ರಶ್ನೆಗಳು: ಯಾವ ದಿನ ಗಾಳಗಾರನಿಗೆ ಒಳ್ಳೆಯದು? ಯಾವ ದಿನ ಗಾಳ ಹಾಕಲೇಬಾರದು? ಎರಡನ್ನೂ ಬೇರೆಬೇರೆಯಾಗಿ ಕೇಳುವುದು ಅಗತ್ಯ. ದಿನ ಇ ರಲ್ಲಿ ಮೀನು ಎಲ್ಲಿದೆ ಎಂದು ಸುಲಭವಾಗಿ ತಿಳಿಯುತ್ತದೆ, ಆದರೆ ಅದನ್ನು ಮುಟ್ಟಬಾರದ ದಿನವೂ ಅದೇ. ಈ ವ್ಯತ್ಯಾಸವನ್ನು ವಿದ್ಯಾರ್ಥಿಗಳೇ ಹೇಳಿದರೆ ಪಾಠದ ಉದ್ದೇಶ ಈಡೇರಿದಂತೆ.

ಮೌಲ್ಯಮಾಪನ

1. 10 ಡಿಗ್ರಿಯಿಂದ 20 ಡಿಗ್ರಿಗೆ ಏರಿದಾಗ ಪ್ರತಿ ಲೀಟರಿಗೆ ಎಷ್ಟು ಆಮ್ಲಜನಕ ಕಡಿಮೆಯಾಗುತ್ತದೆ?
2. 500 ಕ್ಯುಸೆಕ್ ಎಂದರೆ ಸೆಕೆಂಡಿಗೆ ಎಷ್ಟು ಲೀಟರ್?
3. ಹಿಮ ಕಡಿಮೆ ಬಿದ್ದ ವರ್ಷ ಬೇಸಿಗೆಯಲ್ಲಿ ನದಿ ಬೇಗ ಬಿಸಿಯಾಗಲು ಕಾರಣವೇನು?

ಗೃಹಪಾಠ

ಹಿರಿಯರ ಜೊತೆ ಹತ್ತಿರದ ಕೆರೆ ಅಥವಾ ತೊಟ್ಟಿಯ ನೀರಿನ ಉಷ್ಣತೆಯನ್ನು ಬೆಳಿಗ್ಗೆ 7ಕ್ಕೂ ಮಧ್ಯಾಹ್ನ 3ಕ್ಕೂ ಅಳೆದು, ಮೂರು ದಿನ ಪಟ್ಟಿ ಮಾಡಿ ತರುವುದು.

ಸಹಪ್ರಶಿಕ್ಷಣಾರ್ಥಿಗಳಿಗೆ ಸೂಚನೆ

ಮೀನುಗಳ ಪರಿಚಯವನ್ನು ಐದು ನಿಮಿಷಕ್ಕೆ ಮುಗಿಸಿ, ಉಷ್ಣತೆಯ ನಕ್ಷೆಗೆ ಹೆಚ್ಚು ಸಮಯ ಕೊಡಿ. ಬೀಕರಿನ ಗುಳ್ಳೆಗಳನ್ನು ಹಂತ 4ರಲ್ಲಿ ಮತ್ತೊಮ್ಮೆ ನೆನಪಿಸಿದರೆ ನಕ್ಷೆಯ ಇಳಿಗೆರೆಗೆ ಅರ್ಥ ಬರುತ್ತದೆ. ಮೀನು ತಿನ್ನುವುದು ಸರಿಯೇ ತಪ್ಪೇ ಎಂಬ ಚರ್ಚೆ ಎದ್ದರೆ ಅದನ್ನು ಬೇರೆ ಅವಧಿಗೆ ಇಟ್ಟುಕೊಳ್ಳಿ. ಈ ಪಾಠದಲ್ಲಿ ವಿದ್ಯಾರ್ಥಿ ಕಲಿಯಬೇಕಾದದ್ದು, ಅಂಕಿಯನ್ನು ಓದುವಾಗ ಅದು ಯಾರಿಗೆ ಅನುಕೂಲ, ಯಾರಿಗೆ ಅಪಾಯ ಎಂದು ಎರಡೂ ಕಡೆಯಿಂದ ಕೇಳುವುದನ್ನು.