ಬೇಲಿ ಮತ್ತು ಕಾವಲು

ಗುಂಡ್ಲುಪೇಟೆ ತಾಲ್ಲೂಕಿನ ದಕ್ಷಿಣದ ಹಳ್ಳಿಗಳು ಬಂಡೀಪುರ ಅರಣ್ಯದ ಅಂಚಿನಲ್ಲಿವೆ. ಅರಿಸಿನ, ಈರುಳ್ಳಿ, ಬಾಳೆ, ಚೆಂಡುಹೂಗಳನ್ನು ಬೆಳೆಯುವ ಅಲ್ಲಿನ ರೈತನಿಗೆ ಹಗಲಿನ ದುಡಿಮೆಯೊಂದೇ ಸಾಲದು. ಇರುಳಿನ ಕಾವಲೂ ಬೇಕು. ಕಾಡಾನೆಗಳು ಹೊಲಕ್ಕೆ ನುಗ್ಗದಿರಲೆಂದು ಆಳವಾದ ಕಂದಕಗಳನ್ನು ತೋಡಲಾಯಿತು. ಆನೆಗಳು ದಂಡೆಯ ಮಣ್ಣನ್ನು ಕಾಲಿನಿಂದ ಕೆಡವಿ ದಾರಿ ಮಾಡಿಕೊಂಡವು. ಸೌರಶಕ್ತಿಯ ತಂತಿಬೇಲಿ ಬಂದಿತು. ಆನೆಗಳು ಮರವನ್ನು ತಂತಿಯ ಮೇಲೆ ಉರುಳಿಸುವುದನ್ನೂ, ವಿದ್ಯುತ್ತು ಹರಿಯದ ದಂತದಿಂದ ತಂತಿಯನ್ನು ಕೀಳುವುದನ್ನೂ ಕಲಿತವು. ಹಳೆಯ ರೈಲು ಕಂಬಿಗಳ ತಡೆಬೇಲಿಯನ್ನೂ ಹಾಕಲಾಯಿತು. ಬೇಲಿ ಬಲವಾದಂತೆ ಆನೆಯ ಉಪಾಯವೂ ಬೆಳೆಯಿತು. ಆದುದರಿಂದ ಬೇಲಿ ಎಷ್ಟೇ ಗಟ್ಟಿಯಾಗಿರಲಿ, ಬೆಳೆ ಕೊಯ್ಲಿಗೆ ಬಂದಾಗ ಅಟ್ಟಣೆಯ ಮೇಲಿನ ಕಾವಲು ಮಾತ್ರ ತಪ್ಪಲಿಲ್ಲ.

ಅದೇ ರೈತನು ಕಾಯಬೇಕಾದ ಮತ್ತೊಂದು ಹೊಲವು ಇಂದು ಅವನ ಅಂಗಿಯ ಜೇಬಿನಲ್ಲಿದೆ. 1997ರಲ್ಲಿ ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾದಾಗ ಹಳ್ಳಿಗಳಲ್ಲಿ ಮೊಬೈಲ್ ದೂರವಾಣಿ ಕಾಣಸಿಗುತ್ತಿರಲಿಲ್ಲ. 2016ರಲ್ಲಿ ಯುಪಿಐ ಪಾವತಿ ವ್ಯವಸ್ಥೆ ಆರಂಭವಾದ ಮೇಲೆ ಸಂತೆಯ ಸೊಪ್ಪಿನ ಅಂಗಡಿಯಲ್ಲಿಯೂ ಹಣವು ಮೊಬೈಲಿನಿಂದ ಮೊಬೈಲಿಗೆ ಹರಿಯತೊಡಗಿತು. ಬೆಳೆ ಮಾರಿದ ಹಣ, ಮುದುಕಿಯ ಪಿಂಚಣಿ, ಮಗಳ ವಿದ್ಯಾರ್ಥಿವೇತನ ಎಲ್ಲವೂ ಅದರೊಳಗೆ ಸೇರಿವೆ. ಇದರಿಂದ ಆದ ಅನುಕೂಲವು ಅಪಾರ. ಆದರೆ ಹಣವನ್ನು ಕದಿಯಲು ಕಳ್ಳನು ಈಗ ಊರಿಗೆ ಬರಬೇಕಾಗಿಲ್ಲ. ಸಾವಿರಾರು ಮೈಲಿ ದೂರದಲ್ಲಿ ಕುಳಿತೇ ಬಾಗಿಲು ತಟ್ಟಬಲ್ಲನು. ಗಣಕಯಂತ್ರ ಮತ್ತು ಅಂತರಜಾಲಗಳ ಮೂಲಕ ನಡೆಯುವ ಇಂತಹ ಆಕ್ರಮಣಕ್ಕೆ ಸೈಬರ್ ದಾಳಿಯೆಂದೂ, ಅದರ ತಡೆಗೆ ಸೈಬರ್ ರಕ್ಷಣೆಯೆಂದೂ ಹೆಸರು.

ಈ ಹೋರಾಟ ಹೊಸದೇನಲ್ಲ. 1988ರ ನವೆಂಬರ್ 2ರಂದು ಅಮೆರಿಕದ ರಾಬರ್ಟ್ ಮಾರಿಸ್ ಎಂಬ ವಿದ್ಯಾರ್ಥಿಯು ಅಂತರಜಾಲದಲ್ಲಿ ಹರಿಯಬಿಟ್ಟ ಒಂದು ಸಣ್ಣ ತಂತ್ರಾಂಶವು ತಾನೇ ತಾನಾಗಿ ಹಬ್ಬಿ, ಸುಮಾರು 6,000 ಗಣಕಯಂತ್ರಗಳನ್ನು ಕೆಡಿಸಿತೆಂದು ಅಂದಾಜು ಮಾಡಲಾಯಿತು. ಅದರ ಬೆನ್ನಿಗೇ ಇಂತಹ ಅಪಾಯಗಳನ್ನು ಎದುರಿಸಲು ಆ ದೇಶದಲ್ಲಿ ಒಂದು ತುರ್ತು ತಂಡವು ರಚನೆಯಾಯಿತು. ಭಾರತದಲ್ಲಿ ಅಂತಹುದೇ ಹೊಣೆಯನ್ನು ಹೊತ್ತ ಸಂಸ್ಥೆ 2004ರಲ್ಲಿ ಕೆಲಸ ಆರಂಭಿಸಿತು. ಆ ಕಾಲದ ರಕ್ಷಣೆಯ ಕ್ರಮವು ಸರಳವಾಗಿತ್ತು. ಪೊಲೀಸ್ ಠಾಣೆಯ ಗೋಡೆಯ ಮೇಲೆ ಹಳೆಯ ಕಳ್ಳರ ಭಾವಚಿತ್ರಗಳನ್ನು ಅಂಟಿಸುವಂತೆ, ಕೇಡು ಮಾಡುವ ತಂತ್ರಾಂಶಗಳ ಗುರುತುಗಳನ್ನು ಪಟ್ಟಿ ಮಾಡಿಡಲಾಗುತ್ತಿತ್ತು. ಪಟ್ಟಿಯಲ್ಲಿರುವವನು ಸಿಕ್ಕಿಬೀಳುತ್ತಿದ್ದನು, ವೇಷ ಬದಲಿಸಿದವನು ಪಾರಾಗುತ್ತಿದ್ದನು. ಈ ಕೊರತೆಯನ್ನು ನೀಗಲು ಬಂದುದೇ ಕೃತಕ ಬುದ್ಧಿಮತ್ತೆ. ಆದರೆ ಅದು ಕಾವಲುಗಾರನಿಗೆ ಮಾತ್ರವಲ್ಲದೆ ಕಳ್ಳನಿಗೂ ಒದಗಿತು.

ಕೃತಕ ಬುದ್ಧಿಮತ್ತೆ ಎಂದರೇನು ಎಂಬುದನ್ನು ತಿಳಿಯಲು ಹುಲಿಗಣತಿಯು ಒಳ್ಳೆಯ ನಿದರ್ಶನ. ಕಾಡಿನ ದಾರಿಗಳಲ್ಲಿ ಮರಗಳಿಗೆ ಕಟ್ಟಿದ ಕ್ಯಾಮೆರಾಗಳು ಹಾದುಹೋಗುವ ಪ್ರಾಣಿಗಳ ಲಕ್ಷಾಂತರ ಚಿತ್ರಗಳನ್ನು ಸೆರೆಹಿಡಿಯುತ್ತವೆ. 2018ರ ಅಖಿಲ ಭಾರತ ಹುಲಿಗಣತಿಯಲ್ಲಿ ಈ ಚಿತ್ರಗಳನ್ನು ಪ್ರಾಣಿವಾರು ವಿಂಗಡಿಸಲು ಕೃತಕ ಬುದ್ಧಿಮತ್ತೆಯನ್ನು ಬಳಸಲಾಯಿತು. ಇಂತಹ ಯಂತ್ರಕ್ಕೆ ‘ಹುಲಿ ಹೀಗಿರುತ್ತದೆ’ ಎಂದು ಯಾರೂ ನಿಯಮವನ್ನು ಬರೆದು ಕೊಡುವುದಿಲ್ಲ. ಹೆಸರು ಗುರುತಿಸಿದ ಸಾವಿರಾರು ಚಿತ್ರಗಳನ್ನು ಅದಕ್ಕೆ ತೋರಿಸುತ್ತಾರೆ. ಹುಲಿಗೂ ಚಿರತೆಗೂ ಇರುವ ವ್ಯತ್ಯಾಸವನ್ನು ಅದು ಲೆಕ್ಕಾಚಾರದಿಂದ ತಾನೇ ಕಂಡುಕೊಳ್ಳುತ್ತದೆ. ಹೀಗೆ ಉದಾಹರಣೆಗಳಿಂದ ಕಲಿಯುವುದೇ ಈ ಯಂತ್ರಗಳ ವಿಶೇಷ. ಚಿತ್ರಗಳಂತೆಯೇ ಭಾಷೆಯನ್ನೂ ಧ್ವನಿಯನ್ನೂ ಅವು ಕಲಿಯಬಲ್ಲವು. ಕಲಿತ ಬಳಿಕ ಅಂತಹವನ್ನು ತಾವೇ ಸೃಷ್ಟಿಸಲೂ ಬಲ್ಲವು. ಅಪಾಯದ ಬೀಜವು ಇಲ್ಲಿದೆ.

ಹಿಂದೆ ಮೋಸದ ಸಂದೇಶವನ್ನು ಅದರ ಭಾಷೆಯೇ ಬಯಲು ಮಾಡುತ್ತಿತ್ತು. ಬ್ಯಾಂಕಿನ ಹೆಸರಿನಲ್ಲಿ ಬಂದ ಪತ್ರದಲ್ಲಿ ವಿಭಕ್ತಿಗಳು ತಪ್ಪಿರುತ್ತಿದ್ದವು, ಕಾಗುಣಿತ ಕೆಟ್ಟಿರುತ್ತಿತ್ತು. ಕನ್ನಡವನ್ನು ಬಲ್ಲವನು ಓದಿದೊಡನೆ ನಕ್ಕು ಸುಮ್ಮನಾಗುತ್ತಿದ್ದನು. ಇಂದು ಕನ್ನಡದ ಒಂದಕ್ಷರವನ್ನೂ ಅರಿಯದ ವಂಚಕನು ಯಂತ್ರದ ನೆರವಿನಿಂದ ತಪ್ಪಿಲ್ಲದ ಕನ್ನಡ ಪತ್ರವನ್ನು ಕ್ಷಣಮಾತ್ರದಲ್ಲಿ ಪಡೆಯಬಲ್ಲನು. ಪತ್ರವಷ್ಟೇ ಅಲ್ಲ, ಕೆಲವು ಸೆಕೆಂಡುಗಳ ಧ್ವನಿಮುದ್ರಣವು ದೊರೆತರೆ ಆ ವ್ಯಕ್ತಿಯ ದನಿಯನ್ನೇ ಹೋಲುವ ಮಾತನ್ನು ಸಿದ್ಧಪಡಿಸಬಹುದು, ಮುಖವನ್ನೂ ಕೃತಕವಾಗಿ ಮೂಡಿಸಬಹುದು. ಇನ್ಫೋಸಿಸ್ ಸಂಸ್ಥಾಪಕರಾದ ಎನ್. ಆರ್. ನಾರಾಯಣ ಮೂರ್ತಿಯವರು ಹಣ ಹೂಡಿಕೆಯ ಯೋಜನೆಗಳನ್ನು ಹೊಗಳುತ್ತಿರುವಂತೆ ತೋರುವ ವಿಡಿಯೋಗಳು ಹರಡಿದಾಗ, ಅವು ಕೃತಕವಾದುವೆಂದೂ ಜನರು ಮೋಸಹೋಗಬಾರದೆಂದೂ ಅವರೇ 2023ರ ಡಿಸೆಂಬರಿನಲ್ಲಿ ಬಹಿರಂಗವಾಗಿ ಎಚ್ಚರಿಸಬೇಕಾಯಿತು. 2024ರಲ್ಲಿ ಬೆಳಕಿಗೆ ಬಂದ ಇನ್ನೊಂದು ಘಟನೆಯು ಜಗತ್ತನ್ನೇ ಬೆರಗುಗೊಳಿಸಿತು. ಬ್ರಿಟನ್ನಿನ ಅರಪ್ ಎಂಬ ಎಂಜಿನಿಯರಿಂಗ್ ಸಂಸ್ಥೆಯ ಹಾಂಗ್‌ಕಾಂಗ್ ಕಚೇರಿಯ ನೌಕರರೊಬ್ಬರು ವಿಡಿಯೋ ಸಭೆಯಲ್ಲಿ ತಮ್ಮ ಮೇಲಧಿಕಾರಿಗಳನ್ನು ಕಣ್ಣಾರೆ ಕಂಡು, ಅವರ ಆಜ್ಞೆಯಂತೆ 20 ಕೋಟಿ ಹಾಂಗ್‌ಕಾಂಗ್ ಡಾಲರುಗಳನ್ನು ಕಳುಹಿಸಿದರು. ಆ ಸಭೆಯಲ್ಲಿ ಕಂಡ ಸಹೋದ್ಯೋಗಿಗಳು ಯಂತ್ರವು ಮೂಡಿಸಿದ ರೂಪಗಳಾಗಿದ್ದರು.

ವಂಚನೆಯೊಂದೇ ಅಲ್ಲದೆ, ಗಣಕಯಂತ್ರಗಳಿಗೆ ಕನ್ನ ಕೊರೆಯುವ ಕೆಲಸದಲ್ಲಿಯೂ ಯಂತ್ರವು ಕಳ್ಳನ ಕೈಯಾಳಾಗಿದೆ. ತಂತ್ರಾಂಶದಲ್ಲಿನ ಬಿರುಕುಗಳನ್ನು ಹುಡುಕಲು ನಿಪುಣರಿಗೂ ವಾರಗಟ್ಟಲೆ ಬೇಕಾಗುತ್ತಿತ್ತು. ಯಂತ್ರವು ದಣಿಯದೆ ಹುಡುಕುತ್ತದೆ. 2025ರ ನವೆಂಬರಿನಲ್ಲಿ ಅಮೆರಿಕದ ಆಂಥ್ರಾಪಿಕ್ ಎಂಬ ಸಂಸ್ಥೆಯು, ದಾಳಿಕೋರರ ಗುಂಪೊಂದು ತನ್ನದೇ ಕೃತಕ ಬುದ್ಧಿಮತ್ತೆಗೆ ಸುಳ್ಳು ನೆಪ ಹೇಳಿ, ಗೂಢಚರ್ಯೆಯ ಬಹುಪಾಲು ಕೆಲಸವನ್ನು ಅದರಿಂದಲೇ ಮಾಡಿಸಲು ಯತ್ನಿಸಿತೆಂದು ಪ್ರಕಟಿಸಿತು.

ಇದರ ಪರಿಣಾಮವು ಸಾಮಾನ್ಯ ಮನೆಯ ಹೊಸ್ತಿಲನ್ನು ಹೇಗೆ ಮುಟ್ಟಬಹುದೆಂಬುದನ್ನು ಊಹಿಸಿಕೊಳ್ಳೋಣ. ಗುಂಡ್ಲುಪೇಟೆಯ ಹತ್ತಿರದ ಹಳ್ಳಿಯೊಂದರಲ್ಲಿ ಅರಿಸಿನ ಮಾರಿ ಬಂದ ಹಣವನ್ನು ರೈತನೊಬ್ಬನು ಬ್ಯಾಂಕಿನಲ್ಲಿ ಇಟ್ಟಿದ್ದಾನೆ. ಸಂಜೆ ದೂರವಾಣಿ ಮೊಳಗುತ್ತದೆ. “ಅಪ್ಪಾ, ಅಪಘಾತವಾಗಿದೆ. ಆಸ್ಪತ್ರೆಗೆ ಈಗಲೇ ಹಣ ಕಟ್ಟಬೇಕು. ಅವ್ವನಿಗೆ ಹೇಳಬೇಡ, ಗಾಬರಿಯಾಗುತ್ತಾಳೆ.” ದನಿಯು ಬೆಂಗಳೂರಿನಲ್ಲಿರುವ ಮಗನದೇ. ತಂದೆಯಾದವನ ಕೈ ನಡುಗದಿರುವುದೇ? ಆ ಗಳಿಗೆಯಲ್ಲಿ ಅವನನ್ನು ಮೋಸಗೊಳಿಸುವುದು ಅವನ ಅಜ್ಞಾನವಲ್ಲ, ಮಗನ ಮೇಲಿನ ಮಮತೆ. ವಂಚಕನ ಮಾತಿನಲ್ಲಿ ಎರಡು ಗುರುತುಗಳು ಮಾತ್ರ ಉಳಿದಿವೆ: ‘ಈಗಲೇ’ ಎಂಬ ಆತುರ ಮತ್ತು ‘ಹೇಳಬೇಡ’ ಎಂಬ ಗುಟ್ಟು. ಯಂತ್ರವು ದನಿಯನ್ನು ತಿದ್ದಬಲ್ಲದು. ಇವೆರಡನ್ನು ಮಾತ್ರ ವಂಚಕನು ಬಿಡಲಾರನು. ಏಕೆಂದರೆ ತಂದೆಯು ಒಂದು ನಿಮಿಷ ಯೋಚಿಸಿದರೆ ಅಥವಾ ಮತ್ತೊಬ್ಬರನ್ನು ಕೇಳಿದರೆ ಮೋಸವು ಬಯಲಾಗುತ್ತದೆ.

ಹಾಗಾದರೆ ರಕ್ಷಣೆ ಹೇಗೆ? ಇಲ್ಲಿಯೂ ಯಂತ್ರವೇ ನೆರವಿಗೆ ಬಂದಿದೆ. ಇಂದಿನ ರಕ್ಷಣಾ ವ್ಯವಸ್ಥೆಯು ಕಳ್ಳರ ಪಟ್ಟಿಯನ್ನಷ್ಟೇ ನೆಚ್ಚಿಕೊಂಡಿಲ್ಲ. ಅದು ದಿನನಿತ್ಯದ ನಡವಳಿಕೆಯನ್ನು ಕಲಿಯುತ್ತದೆ. ತಿಂಗಳಿಗೆ ನಾಲ್ಕಾರು ಸಣ್ಣ ಪಾವತಿಗಳನ್ನು ಮಾಡುವ ಖಾತೆಯಿಂದ ನಡುರಾತ್ರಿಯಲ್ಲಿ ಅಪರಿಚಿತ ಖಾತೆಗೆ ದೊಡ್ಡ ಮೊತ್ತವು ಹೊರಟರೆ, ‘ಇದು ಎಂದಿನಂತಿಲ್ಲ’ ಎಂದು ಗುರುತಿಸಿ ತಡೆಯಬಲ್ಲದು. ಕದ್ದ ಹಣವು ನೇರವಾಗಿ ಕಳ್ಳನ ಕೈ ಸೇರುವುದಿಲ್ಲ. ಬಾಡಿಗೆಗೆ ಪಡೆದ ಬೇರೆಯವರ ಖಾತೆಗಳ ಮೂಲಕ ಹಾದುಹೋಗುತ್ತದೆ. ಅಂತಹ ಖಾತೆಗಳನ್ನು ಹಣದ ಚಲನೆಯಿಂದಲೇ ಪತ್ತೆಹಚ್ಚಲು, ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕಿನ ಅಂಗಸಂಸ್ಥೆಯಾದ ನಾವೀನ್ಯ ಕೇಂದ್ರವು ‘ಮ್ಯೂಲ್‌ಹಂಟರ್’ ಎಂಬ ಕೃತಕ ಬುದ್ಧಿಮತ್ತೆಯ ಸಾಧನವನ್ನು ರೂಪಿಸಿತು. 2024ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ಇದನ್ನು ಪ್ರಕಟಿಸಿ, ಬ್ಯಾಂಕುಗಳು ಇದರ ಅಭಿವೃದ್ಧಿಗೆ ಕೈಜೋಡಿಸಬೇಕೆಂದು ಕರೆಕೊಟ್ಟಿತು. ತಂತ್ರಾಂಶದ ಬಿರುಕುಗಳನ್ನು ಕಳ್ಳನಿಗಿಂತ ಮೊದಲೇ ಕಂಡುಹಿಡಿದು ಮುಚ್ಚುವ ಯಂತ್ರಗಳೂ ಇವೆ. 2016ರಲ್ಲಿ ಅಮೆರಿಕದ ಲಾಸ್ ವೇಗಸ್ ನಗರದಲ್ಲಿ ಮನುಷ್ಯರ ಕೈ ತಾಗದೆ ಯಂತ್ರಗಳೇ ಪರಸ್ಪರ ದಾಳಿ ಮತ್ತು ರಕ್ಷಣೆಗಳನ್ನು ನಡೆಸಿದ ಸ್ಪರ್ಧೆಯಲ್ಲಿ ‘ಮೇಹೆಮ್’ ಎಂಬ ಯಂತ್ರವು ಗೆದ್ದು 20 ಲಕ್ಷ ಡಾಲರುಗಳ ಬಹುಮಾನವನ್ನು ತನ್ನ ತಂಡಕ್ಕೆ ತಂದಿತು.

ಆದರೂ ಯಂತ್ರದ ಕಾವಲಿಗೆ ಮಿತಿಯುಂಟು. ನಿಜವಾಗಿಯೂ ಆಸ್ಪತ್ರೆಗೆ ಹಣ ಕಳುಹಿಸುವವನನ್ನು ಅದು ತಪ್ಪಾಗಿ ತಡೆಯಬಹುದು; ಎಂದಿನಂತೆಯೇ ತೋರುವ ಮೋಸವನ್ನು ಒಳಗೆ ಬಿಡಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಖಾತೆಯ ಒಡೆಯನೇ ತನ್ನ ಕೈಯಾರೆ ರಹಸ್ಯ ಸಂಖ್ಯೆಯನ್ನು ಒತ್ತಿದಾಗ ತಡೆಯುವುದು ಕಷ್ಟ. ಗಟ್ಟಿ ಬೇಲಿಯ ಬಾಗಿಲನ್ನು ಒಳಗಿನಿಂದಲೇ ತೆರೆದುಕೊಟ್ಟಂತೆ ಅದು. ಆದುದರಿಂದ ಕೊನೆಯ ಕಾವಲು ಮನುಷ್ಯನದೇ.

ಆ ಕಾವಲಿಗೆ ಬೇಕಾದುದು ದೊಡ್ಡ ವಿದ್ಯೆಯಲ್ಲ, ಒಂದು ಅಭ್ಯಾಸ. ದನಿಯನ್ನೂ ಮುಖವನ್ನೂ ಮಾತ್ರ ನಂಬಿ ಹಣ ಕಳುಹಿಸಬಾರದು. ಬಂದ ಕರೆಯನ್ನು ನಿಲ್ಲಿಸಿ, ಮೊದಲೇ ಬಲ್ಲ ಸಂಖ್ಯೆಗೆ ತಾನೇ ಕರೆಮಾಡಿ ವಿಚಾರಿಸಬೇಕು. ಮನೆಯವರಿಗಷ್ಟೇ ತಿಳಿದ ಗುರುತಿನ ಮಾತೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಓಟಿಪಿ ಸಂಖ್ಯೆಯನ್ನು ಯಾರಿಗೂ ಹೇಳಬಾರದು. ವಿಡಿಯೋ ಕರೆಯಲ್ಲಿ ಪೊಲೀಸ್ ವೇಷ ತೋರಿಸಿ ‘ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ’ ಎನ್ನುವವರಿಗೆ ಹೆದರಬೇಕಾಗಿಲ್ಲ. ಭಾರತದ ಕಾನೂನಿನಲ್ಲಿ ಅಂತಹ ಬಂಧನವೇ ಇಲ್ಲ. ಗಣಕಯಂತ್ರದ ಮೂಲಕ ಬೇರೊಬ್ಬರಂತೆ ನಟಿಸಿ ವಂಚಿಸುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಇಂತಹ ಅಪರಾಧಗಳಿಗಾಗಿ 2001ರಲ್ಲಿಯೇ ಬೆಂಗಳೂರಿನಲ್ಲಿ ಪ್ರತ್ಯೇಕ ಪೊಲೀಸ್ ಠಾಣೆಯು ಆರಂಭವಾಯಿತು. ಇಂದು ಚಾಮರಾಜನಗರದಲ್ಲಿಯೂ ಇದಕ್ಕಾಗಿ ಸಿ.ಇ.ಎನ್. ಠಾಣೆಯಿದೆ. ಹಣ ಹೋಯಿತೆಂದು ತಿಳಿದೊಡನೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆಮಾಡಿದರೆ, ಕಳ್ಳನು ಹಣವನ್ನು ತೆಗೆಯುವ ಮೊದಲೇ ಅದನ್ನು ತಡೆಹಿಡಿಯಲು ಅವಕಾಶವುಂಟು. ಇಲ್ಲಿ ಒಂದೊಂದು ನಿಮಿಷವೂ ಬೆಲೆಯುಳ್ಳದ್ದು.

ಆದರೆ ಮೋಸಹೋದವರಲ್ಲಿ ಅನೇಕರು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ. ‘ಓದಿದವನಾಗಿಯೂ ಮೋಸಹೋದೆನೇ’ ಎಂದು ಒಳಗೇ ಕೊರಗುತ್ತಾರೆ. ಆ ಮೌನವೇ ಕಳ್ಳನಿಗೆ ದೊಡ್ಡ ಆಸರೆ. ಬಂಡೀಪುರದ ಕಾಡಿನಲ್ಲಿ ಮರದ ಮೇಲಿನ ಮುಸುವವು ಹುಲಿಯನ್ನು ಕಂಡೊಡನೆ ಕೂಗಿಕೊಳ್ಳುತ್ತದೆ. ಕೆಳಗೆ ಮೇಯುವ ಜಿಂಕೆಗಳು ತಲೆಯೆತ್ತಿ ಎಚ್ಚರಗೊಳ್ಳುತ್ತವೆ. ಮರೆಯಿಂದ ಬರುವುದರಲ್ಲಿಯೇ ಬಲವನ್ನು ಕಾಣುವ ಬೇಟೆಗಾರನಿಗೆ ಆ ಒಂದು ಕೂಗು ಸಾಕು. ಅವನ ಬೇಟೆ ತಪ್ಪುತ್ತದೆ. ಮೋಸವನ್ನು ಕಂಡವನು ಕೂಗಿ ಹೇಳುವುದು, ಕೇಳಿದವನು ನಗದೆ ಎಚ್ಚರಗೊಳ್ಳುವುದು, ಇವೆರಡೂ ಊರಿನ ಧರ್ಮವಾದರೆ ಯಾವ ಯಂತ್ರದ ವೇಷವೂ ಬಹುಕಾಲ ನಿಲ್ಲಲಾರದು.

ಅಭ್ಯಾಸ

1. ಕಾಡಂಚಿನ ಬೇಲಿಗೂ ಸೈಬರ್ ರಕ್ಷಣೆಗೂ ಇರುವ ಹೋಲಿಕೆಯನ್ನು ವಿವರಿಸಿರಿ.
2. ಯಂತ್ರವು ಉದಾಹರಣೆಗಳಿಂದ ಹೇಗೆ ಕಲಿಯುತ್ತದೆ?
3. ವಂಚಕನ ಮಾತಿನಲ್ಲಿ ಉಳಿದಿರುವ ಎರಡು ಗುರುತುಗಳು ಯಾವುವು? ಅವನು ಅವನ್ನು ಏಕೆ ಬಿಡಲಾರನು?
4. ‘ಕೊನೆಯ ಕಾವಲು ಮನುಷ್ಯನದೇ.’ ಈ ಮಾತನ್ನು ಸಮರ್ಥಿಸಿರಿ.
5. ಈ ಪಾಠದ ವಿಷಯವನ್ನು ಮನೆಯ ಹಿರಿಯರಿಗೆ ಓದಿ ಹೇಳಿ, ಅವರ ಅನುಭವಗಳನ್ನು ಕೇಳಿ ಬರೆಯಿರಿ.