ರಿಪೋರ್ಟ್ ಸರಿಹೋಯಿತೆಂದು ಮಾತ್ರೆ ಬಿಡಬೇಡಿ

‘ಕೊಲೆಸ್ಟ್ರಾಲ್ ನಾರ್ಮಲ್ ಆಯ್ತಲ್ಲ, ಇನ್ನು ಮಾತ್ರೆ ಯಾಕೆ?’ ಎರಡನೇ ರಿಪೋರ್ಟ್ ಕೈಗೆ ಬಂದಾಗ ಬಹಳ ಮಂದಿಗೆ ಹೀಗನ್ನಿಸುತ್ತದೆ. ಆದರೆ ಅಂಕಿ ಇಳಿದದ್ದೇ ಮಾತ್ರೆಯಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಅದು ಮತ್ತೆ ಏರುತ್ತದೆ, ಏರಿದ್ದು ಮೈಗೆ ಗೊತ್ತೂ ಆಗುವುದಿಲ್ಲ.

ನಮ್ಮ ಕೊಲೆಸ್ಟ್ರಾಲ್‌ನ ಬಹುಪಾಲು ದೇಹದಲ್ಲೇ ತಯಾರಾಗುತ್ತದೆ. ಯಕೃತ್ತಿನಲ್ಲಿ ನಡೆಯುವ ಈ ತಯಾರಿಕೆಯನ್ನು ಕೊಲೆಸ್ಟ್ರಾಲ್ ಇಳಿಸಲು ಕೊಡುವ ಸ್ಟ್ಯಾಟಿನ್ ಮಾತ್ರೆ ತಗ್ಗಿಸುತ್ತದೆ. ಆಗ ಯಕೃತ್ತು ರಕ್ತದಲ್ಲಿರುವ ಕೆಟ್ಟ ಕೊಲೆಸ್ಟ್ರಾಲ್ ಅನ್ನು, ಅಂದರೆ ಎಲ್‌ಡಿಎಲ್ ಅನ್ನು, ಹೆಚ್ಚಾಗಿ ಎಳೆದುಕೊಳ್ಳುತ್ತದೆ.

1. ಮಾತ್ರೆ ಶುರುಮಾಡುವ ಮುನ್ನ: ಕೊಲೆಸ್ಟ್ರಾಲ್ ಅಳೆಯುವ ಲಿಪಿಡ್ ಪ್ರೊಫೈಲ್ ಜೊತೆಗೆ ಯಕೃತ್ತು, ಸಕ್ಕರೆ, ಥೈರಾಯ್ಡ್ ಪರೀಕ್ಷೆಗಳ ಬಗ್ಗೆಯೂ ವೈದ್ಯರನ್ನು ಕೇಳಿ. ಥೈರಾಯ್ಡ್ ಹಾರ್ಮೋನ್ ಕಡಿಮೆಯಿದ್ದರೂ ಕೊಲೆಸ್ಟ್ರಾಲ್ ಏರುತ್ತದೆ. ಗರ್ಭಿಣಿಯರು, ಮಗು ಬಯಸುವವರು, ಹಾಲೂಡಿಸುವ ತಾಯಂದಿರು ಅದನ್ನು ಮೊದಲೇ ಹೇಳಬೇಕು.

2. ನಿಮ್ಮ ಗುರಿ ತಿಳಿದುಕೊಳ್ಳಿ: ಹೃದಯಾಘಾತ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಎಲ್‌ಡಿಎಲ್ (ಮಿ.ಗ್ರಾಂ/ಡೆಸಿಲೀಟರ್ ಲೆಕ್ಕದಲ್ಲಿ) ಸಾಮಾನ್ಯವಾಗಿ 70ಕ್ಕಿಂತ, ಹಲವರಿಗೆ 55ಕ್ಕಿಂತ ಕೆಳಗಿರಬೇಕು. ಲ್ಯಾಬ್ ಚೀಟಿಯ ‘ನಾರ್ಮಲ್’ ಅವರಿಗೆ ಸಾಲದು.

3. ಹೊತ್ತು ಗೊತ್ತುಮಾಡಿ: ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ಮಾತ್ರೆಗಳನ್ನು ಊಟಕ್ಕೆ ಮೊದಲಾಗಲಿ, ನಂತರವಾಗಲಿ, ಯಾವ ಹೊತ್ತಿನಲ್ಲಾದರೂ ನುಂಗಬಹುದು. ಸಿಂವಾಸ್ಟ್ಯಾಟಿನ್ ಮಾತ್ರ ರಾತ್ರಿಗೇ ಇರಲಿ. ದಿನವೂ ಒಂದೇ ಹೊತ್ತಾದರೆ ಮರೆವು ಕಡಿಮೆ. ಒಂದು ದಿನ ತಪ್ಪಿತೆಂದು ಮರುದಿನ ಎರಡು ನುಂಗಬೇಡಿ.

4. ಬೇರೆ ಔಷಧಿ ತಿಳಿಸಿ: ಕ್ಲಾರಿಥ್ರೋಮೈಸಿನ್, ಇಟ್ರಾಕೊನಜೋಲ್ ಮುಂತಾದವು ಕೆಲವು ಸ್ಟ್ಯಾಟಿನ್‌ಗಳ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತವೆ. ಜ್ವರಕ್ಕೋ ಹುಳುಕಡ್ಡಿಗೋ ಹೊಸ ಔಷಧಿ ಬರೆಸುವಾಗ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿರುವುದನ್ನು ಹೇಳಿ. ಗ್ರೇಪ್‌ಫ್ರೂಟ್ ರಸವೂ ಇದೇ ತೊಂದರೆ ಮಾಡಬಲ್ಲದು. ಚಕ್ಕೋತ ಅದರ ಹತ್ತಿರದ ನೆಂಟ, ಹಾಗಾಗಿ ಅದನ್ನು ತಿನ್ನುವ ಬಗ್ಗೆಯೂ ವಿಚಾರಿಸಿ.

5. ಮೈಕೈ ನೋವು ಬಂದರೆ: ನೋವಿಗೆಲ್ಲ ಸ್ಟ್ಯಾಟಿನ್ನೇ ಕಾರಣವಲ್ಲ. ಎರಡೂ ತೊಡೆ, ಎರಡೂ ತೋಳು ನೋಯುತ್ತಿದ್ದರೆ ವೈದ್ಯರಿಗೆ ತಿಳಿಸಿ. ಪ್ರಮಾಣ ತಗ್ಗಿಸಿ ಅಥವಾ ಬೇರೆ ಸ್ಟ್ಯಾಟಿನ್ ಕೊಟ್ಟು ನೋಡುತ್ತಾರೆ. ನೋವು ವಿಪರೀತವಾಗಿ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೋಗಿ. ಹೀಗಾಗುವುದು ಬಹಳ ಅಪರೂಪ. ಕಣ್ಣು ಹಳದಿಯಾದರೂ ತಡಮಾಡಬೇಡಿ. ಕೆಲವರಿಗೆ ಸಕ್ಕರೆ ತುಸು ಏರಬಹುದು. ಅಪಾಯ ಹೆಚ್ಚಿರುವವರಿಗೆ ಹೃದಯಕ್ಕೆ ಸಿಗುವ ರಕ್ಷಣೆ ಅದಕ್ಕಿಂತ ದೊಡ್ಡದು.

6. ಮತ್ತೆ ಪರೀಕ್ಷೆ: ಮಾತ್ರೆ ಶುರುವಾದ ಅಥವಾ ಪ್ರಮಾಣ ಬದಲಾದ 4ರಿಂದ 12 ವಾರಗಳಲ್ಲಿ ಲಿಪಿಡ್ ಪ್ರೊಫೈಲ್ ಮಾಡಿಸಿ. ಪೂರ್ಣ ಪ್ರಮಾಣದ ಸ್ಟ್ಯಾಟಿನ್ ಎಲ್‌ಡಿಎಲ್ ಅನ್ನು ಅರ್ಧದಷ್ಟು ಇಳಿಸಬಲ್ಲದು. ಇಳಿಯದಿದ್ದರೆ, ಮಾತ್ರೆ ಎಷ್ಟು ದಿನ ತಪ್ಪಿತ್ತೆಂದು ಮುಚ್ಚಿಡದೆ ಹೇಳಿ. ಇಲ್ಲವಾದರೆ ಬೇಡದಿದ್ದರೂ ಪ್ರಮಾಣ ಏರೀತು.

7. ಊಟ, ನಡಿಗೆ: ಡಾಲ್ಡಾ, ಕರಿದ ತಿಂಡಿ ತಗ್ಗಿಸಿ. ಕಾಳು, ಸೊಪ್ಪು, ತರಕಾರಿ ಹೆಚ್ಚಿಸಿ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ. ಬೀಡಿ, ಸಿಗರೇಟು ಬಿಡಿ.

ಮಾತ್ರೆ ಸಾಕೆನಿಸಿದ ದಿನ ಅದನ್ನು ನೀವಾಗಿಯೇ ನಿಲ್ಲಿಸಬೇಡಿ. ಹಳೆಯದು, ಹೊಸದು ಎರಡೂ ರಿಪೋರ್ಟ್ ಹಿಡಿದು ವೈದ್ಯರ ಮುಂದೆ ಕೂತು ಕೇಳಿ. ಆ ಎರಡು ಅಂಕಿಗಳ ನಡುವಿನ ಅಂತರವೇ ಇಷ್ಟು ದಿನ ಮಾತ್ರೆ ನಿಮಗಾಗಿ ಮಾಡಿದ ಕೆಲಸ.